ನಾನು ನೀಲಿಯಾಗದ ದಿನ

ನಾನು ಒಂದು ಬಣ್ಣವಿಲ್ಲದ ರಾಸಾಯನಿಕ. ಹೆಸರು ಎಕ್ಸ್-ಗಾಲ್. ದೂರದ ಕಾರ್ಖಾನೆಯೊಂದರಲ್ಲಿ ಸಕ್ಕರೆಯ ಕಣಕ್ಕೆ ಬಣ್ಣವಾಗಬಲ್ಲ ತುಣುಕೊಂದನ್ನು ಬೆಸೆದು ನನ್ನನ್ನು ಮಾಡಿದರು. ಆ ಬೆಸುಗೆಯನ್ನು ಕತ್ತರಿಸುವ ಕಿಣ್ವ ಸಿಕ್ಕರೆ ನೀಲಿಯಾಗುತ್ತೇನೆ. ಬೇರೇನೂ ನನಗೆ ಬಾರದು.

ಧಾರವಾಡದ ಪ್ರಯೋಗಾಲಯವೊಂದರಲ್ಲಿ ನನ್ನನ್ನು ದ್ರಾವಣ ಮಾಡಿ, ಬೆಳಕು ತಾಗದಂತೆ ಬಾಟಲಿಗೆ ಬೆಳ್ಳಿಹಾಳೆ ಸುತ್ತಿ, ಫ್ರೀಜರಿನಲ್ಲಿಟ್ಟವಳು ದಾಕ್ಷಾಯಿಣಿ. ಬಡಗಿಯೊಬ್ಬರ ಮಗಳು, ಪಿಎಚ್.ಡಿ.ಯ ಕೊನೆಯ ವರ್ಷ. ಕಾಡು ಕುಸುಬೆಯಲ್ಲಿ ಸಸ್ಯಹೇನಿನ ಕಾಟ ತಡೆಯುವ ವಂಶವಾಹಿಯೊಂದನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಬೇಕಿತ್ತು ಅವಳು. ಅದು ಸೇರಿದರೆ ನನ್ನನ್ನು ಕತ್ತರಿಸುವ ಬ್ಯಾಕ್ಟೀರಿಯಾದ ಕಿಣ್ವ ಕೆಡುತ್ತದೆ, ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ ಬಿಳಿಯಾಗಿಯೇ ಉಳಿಯುತ್ತದೆ. ಸೇರದಿದ್ದರೆ ನೀಲಿ.

ಹದಿನಾಲ್ಕು ತಿಂಗಳು ನಾನು ನೀಲಿಯೇ ಆದೆ. ಬೆಳಿಗ್ಗೆ ಬಂದವಳು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಮ್ಮೆಯೂ ಅಳಲಿಲ್ಲ. ಕೈ ತೊಳೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

ದಸರೆಗೆ ಅವಳು ಊರಿಗೆ ಹೋದಾಗ ಫ್ರೀಜರ್ ಕೆಟ್ಟಿತು. ರಿಪೇರಿಗೆ ಬಂದವರು ನಮ್ಮನ್ನೆಲ್ಲ ತೆಗೆದು ಕಿಟಕಿಯ ಬಳಿ ಇಟ್ಟರು. ನನ್ನ ಬೆಳ್ಳಿಹಾಳೆ ಕಳಚಿಬಿತ್ತು. ಒಂಬತ್ತು ದಿನ ಬಿಸಿಲು ಬಿತ್ತು. ಒಳಗೊಳಗೇ ನಾನು ಸತ್ತೆ. ಆಮೇಲೆ ಯಾರೋ ಹಾಳೆಯನ್ನು ಮತ್ತೆ ಸುತ್ತಿ ತಣ್ಣನೆಯ ಗೂಡಿಗೆ ಸೇರಿಸಿದರು. ಅವಳಿಗೆ ಯಾರೂ ಹೇಳಲಿಲ್ಲ.

ಮರಳಿ ಬಂದು ನನ್ನನ್ನು ತಟ್ಟೆಗಳಿಗೆ ಸವರಿದಳು. ಮರುದಿನ ಚುಕ್ಕೆಗಳೆಲ್ಲ ಬಿಳಿ. ವಂಶವಾಹಿ ಎಲ್ಲದಕ್ಕೂ ಸೇರುವುದಿಲ್ಲ; ಒಂದಾದರೂ ನೀಲಿ ಇರಬೇಕಿತ್ತು, ಇರಲಿಲ್ಲ. ಅನುಮಾನ ಬರಬೇಕಾದದ್ದು ಅಲ್ಲೇ. ಆದರೆ ಹದಿನಾಲ್ಕು ತಿಂಗಳು ಕಾದ ಕಣ್ಣು ಅದು.

"ಸರ್, ಬಂದಾವ್ರೀ! ಎಲ್ಲಾ ಬೆಳ್ಳಗ ಬಂದಾವ್ರೀ!" ಎಂದು ಮಾರ್ಗದರ್ಶಕ ಯಲಿಗಾರ ಸರ್ ಕೋಣೆಗೆ ನಗುತ್ತ ಓಡಿದಳು. ಅಪ್ಪನಿಗೆ ಫೋನ್ ಮಾಡಿದಳು: "ಅಪ್ಪಾ, ಆತು ನೋಡು. ಇನ್ನ ಬರಿಯೋದಷ್ಟ ಉಳದೈತಿ."

ಆ ಮಾತು ನನಗೂ ಕೇಳಿಸಿತು. 'ಇದು ಸುಳ್ಳು, ತಾಯಿ' ಎಂದು ಹೇಳಲು ನನಗಿದ್ದದ್ದು ಒಂದೇ ಮಾತು, ನೀಲಿ. ಅದೂ ಹೋಗಿತ್ತು.

ಎರಡು ತಿಂಗಳು ಆ ಚುಕ್ಕೆಗಳ ಮೇಲೇ ಅಧ್ಯಾಯ ಬರೆದಳು, ಸೆಮಿನಾರಿನಲ್ಲಿ ಚಪ್ಪಾಳೆ ಪಡೆದಳು. ಹೊರಗೆ ಪರೀಕ್ಷೆಗೆ ಕಳಿಸಿದ ಮಾದರಿಗಳ ವರದಿ ಡಿಸೆಂಬರಿನಲ್ಲಿ ಬಂತು. ಯಾವುದರಲ್ಲೂ ವಂಶವಾಹಿ ಇರಲಿಲ್ಲ.

ಯಲಿಗಾರ ಸರ್ ವರದಿಯನ್ನು ಎರಡು ಸಲ ಓದಿದರು. ನಂತರ ಕೇಳಿದರು: "ಕಂಟ್ರೋಲ್ ತಟ್ಟಿ ಇಟ್ಟಿದ್ದಿಲ್ಲೇನವಾ?"

ನೀಲಿಯಾಗಲೇಬೇಕಾದ ತಟ್ಟೆಯೊಂದನ್ನು ಪಕ್ಕದಲ್ಲಿಟ್ಟಿದ್ದರೆ ನನ್ನ ಸಾವು ಅಂದೇ ತಿಳಿಯುತ್ತಿತ್ತು.

"ಇಲ್ರೀ ಸರ್. ಅವಸರ ಮಾಡಿದೆ."

"ಮತ್ತ ಮೊದಲಿಂದ ಮಾಡಾಕ ಇನ್ನ ಟೈಮ್ ಇಲ್ಲವಾ, ಅವಧಿ ಮುಗೀತು."

"ಗೊತ್ತೈತ್ರೀ."

ಆ ಅಧ್ಯಾಯವನ್ನು ತಾನೇ ಹಿಂದಕ್ಕೆ ಪಡೆದಳು. ಡಿಗ್ರಿ ಕೈತಪ್ಪಿತು.

ಮೇಜು ಖಾಲಿ ಮಾಡುವ ದಿನ ನನ್ನನ್ನು ಎತ್ತಿಕೊಂಡಳು. ನಾನು ಮಾಸಲು ಹಳದಿಗೆ ತಿರುಗಿದ್ದೆ. ಎಸೆಯುತ್ತಾಳೆಂದುಕೊಂಡೆ, ಒಡೆಯಲಿ ಎಂದೂ ಅಂದುಕೊಂಡೆ. ಅವಳು ಪೆನ್ನು ತೆಗೆದು, ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ 'ಕೆಟ್ಟಿದೆ, ಯಾರೂ ಬಳಸಬೇಡಿ' ಎಂದು ಬರೆದಳು. ಮಸಿ ಒಣಗುವವರೆಗೂ ಹಿಡಿದುಕೊಂಡೇ ನಿಂತಿದ್ದಳು.

ಈಗ ಮೆಟ್ಟಿಲ ಕೆಳಗೆ, ತ್ಯಾಜ್ಯದ ಡಬ್ಬದಲ್ಲಿದ್ದೇನೆ. ಬದುಕಿದ್ದಾಗ ದಿನವೂ ಅವಳಿಗೆ ನಿಜವನ್ನೇ ಹೇಳಿ ನೋಯಿಸಿದೆ. ಅವಳು ನಕ್ಕದ್ದನ್ನು ನಾನು ಕಂಡದ್ದು ಒಂದೇ ಸಲ. ಆಗ ನಾನು ಸತ್ತಿದ್ದೆ.