ನೀಲಿ ಹಾಕಿದ ಬಿಳಿ

ಪ್ರೇಮ್‌ಕುಮಾರ್ ತಿ. ನರಸೀಪುರದ ಬಸ್ ಸ್ಟ್ಯಾಂಡ್ ಎದುರು ಸ್ಟುಡಿಯೊ ತೆರೆದು ಐದು ವರ್ಷವಾಗಿತ್ತು. ಜಂಬದಿಂದ ತಲೆ ತಿರುಗತೊಡಗಿ ಒಂದೇ ತಿಂಗಳು. 2007ರಲ್ಲಿ ಮೈಸೂರಿನಲ್ಲಿ ಹತ್ತು ದಿನದ ಡಿಜಿಟಲ್ ಕೋರ್ಸ್ ಮುಗಿಸಿ ಬಂದವನು, ಪಾಸ್‌ಪೋರ್ಟ್ ಫೋಟೊಗೆ ಬಂದ ಮುದುಕಿಗೂ ‘ರಾ’ ಫೈಲಿನ ಪಾಠ ಹೇಳಿದ. ರಾ ಎಂದರೆ ಕ್ಯಾಮೆರಾದಿಂದ ಹಸಿಯಾಗಿ ಬಂದ ಚಿತ್ರ, ಉಪ್ಪು ಹುಳಿ ಬೀಳದ ಬೇಳೆಕಟ್ಟು. ಮೊದಲು ಬಣ್ಣ ಹದ ಮಾಡಬೇಕು, ಫೋಟೊಶಾಪಿನ ಅಲಂಕಾರವೆಲ್ಲ ಆಮೇಲೆ.

“ಬಿರ್ರನೆ ಕೊಡಪ್ಪ, ತಲಕಾಡು ಬಸ್ಸು ಒಂಟೋಯ್ತದೆ” ಎಂದಳು ಮುದುಕಿ.

ಆ ತಿಂಗಳ ಕೊನೆಗೆ ಅವನ ಅಪ್ಪ ಮರಿಯಯ್ಯನ ನಿವೃತ್ತಿ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಜವಾನ. ಯಾರ ಬೀಳ್ಕೊಡುಗೆಯಾದರೂ ಗ್ರೂಪ್ ಫೋಟೊಗೆ ಕುರ್ಚಿ ಹಾಕಿ ಪಕ್ಕಕ್ಕೆ ಸರಿಯುತ್ತಿದ್ದವನು. ಕಚೇರಿಯ ಗೋಡೆಯ ಮೇಲಿದ್ದ ಒಂದು ಫೋಟೊದಲ್ಲೂ ಅವನಿರಲಿಲ್ಲ. ಈ ಸಲ ನಡುವಿನ ಕುರ್ಚಿ ಅವನದೇ. ಸಾಹೇಬರು ಮೈಸೂರಿನಿಂದ ಫೋಟೊಗ್ರಾಫರನ್ನು ಕರೆಸುತ್ತೇನೆಂದರೆ, “ಬ್ಯಾಡಿ ಸಾ, ನಮ್ಮೈದ, ನನ್ ಮಗನೇ ತೆಗೀತಾನೆ” ಎಂದು ಎದೆಯುಬ್ಬಿಸಿ ಹೇಳಿಬಿಟ್ಟಿದ್ದ. ಸಮಾರಂಭದ ಹೊತ್ತಿಗೆ ಫೋಟೊ ಗೋಡೆಗೇರದಿದ್ದರೆ ಅಪ್ಪನ ಮಾನ ಹೋಗುತ್ತಿತ್ತು.

ಸಮಾರಂಭಕ್ಕೆ ಎರಡು ದಿನ ಮೊದಲೇ ಫೋಟೊ ತೆಗೆದು, ಪ್ರೇಮ್‌ಕುಮಾರ್ ಕಂಪ್ಯೂಟರಿನ ಮುಂದೆ ಕೂತ. ಚಿತ್ರದಲ್ಲಿ ನಿಜವಾದ ಬಿಳಿ ಯಾವುದೆಂದು ಒತ್ತಿ ತೋರಿಸಿದರೆ ಸಾಕು, ಮಿಕ್ಕ ಬಣ್ಣಗಳು ತಾವೇ ಸರಿಹೋಗುತ್ತವೆ. ಅಪ್ಪನ ಬಿಳಿ ಯೂನಿಫಾರ್ಮ್ ಥಳಥಳ ಹೊಳೆಯುತ್ತಿತ್ತು. ಅದನ್ನೇ ಒತ್ತಿದ. ಇಡೀ ಕಚೇರಿ ಅರಿಶಿನದ ಬಣ್ಣಕ್ಕೆ ತಿರುಗಿತು. ಇದೇ ಡಿಜಿಟಲ್ ಕಳೆಯಿರಬೇಕು ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡು, ಪ್ರಿಂಟ್ ಹಾಕಿಸಿ ಹತ್ತಿರದ ಸೋಸಲೆ ಊರಿನ ತಮ್ಮ ಮನೆಗೆ ಒಯ್ದ.

“ಯಾಕ್ಲಾ, ಆಪೀಸ್ನೋರ್ಗೆಲ್ಲ ಕಾಮಾಲೆ ಬಂದದಾ?” ಎಂದಳು ಅವ್ವ ಮರಿತಾಯಮ್ಮ.

ಮರಿಯಯ್ಯ ಫೋಟೊವನ್ನು ಮಗುಚಿಟ್ಟ.

“ನಾನು ಒತ್ತಿದ್ದು ಅಪ್ಪನ ಬಿಳೀ ಬಟ್ಟೆಗೇ ಕಣವ್ವ!”

“ಅದೆಲ್ಲಿ ಬಿಳೀನ್ಲಾ? ಫೋಟೊಗೆ ಅಂತ ಎರಡು ಪಟ್ಟು ನೀಲಿ ಆಕಿದ್ದೆ!”

ಹುಟ್ಟಿದಾಗಿನಿಂದ ಅವ್ವ ನೀಲಿಯಲ್ಲಿ ಅದ್ದಿದ ಬಟ್ಟೆಯನ್ನೇ ತೊಟ್ಟವನಿಗೆ ಅದು ಹೊಳೆದಿರಲಿಲ್ಲ. ನೀಲಿಯನ್ನೇ ಬಿಳಿ ಎಂದು ತೋರಿಸಿದ್ದಕ್ಕೆ, ಕಂಪ್ಯೂಟರ್ ಎಲ್ಲರ ಮುಖದಿಂದಲೂ ನೀಲಿಯನ್ನು ಕಿತ್ತುಕೊಂಡು ಹಳದಿ ಉಳಿಸಿತ್ತು. ಹತ್ತು ದಿನದ ಕೋರ್ಸು ನೀರುಪಾಲು.

ಮಾರನೇ ದಿನ ಬೆಳಗ್ಗೆ ಮತ್ತೆ ಕೂತು ಬಿಳಿ ಹುಡುಕಿದ. ಗೋಡೆಯ ಸುಣ್ಣಕ್ಕೂ ನೀಲಿ ಬೆರೆಸಿದ್ದರು. ಸಾಹೇಬರ ಶರ್ಟಿಗೂ ನೀಲಿ. ಗುಮಾಸ್ತರ ತಲೆಗಳಿಗೆಲ್ಲ ಕಪ್ಪು ಡೈ. ಒಂದೊಂದೇ ಮುಖ ದೊಡ್ಡದು ಮಾಡುತ್ತಾ ನಡುವಿನ ಕುರ್ಚಿಗೆ ಬಂದ. ಅಲ್ಲಿತ್ತು ಬಿಳಿ: ಅಪ್ಪನ ಕೂದಲು. ಒಂದೆಳೆಯೂ ಕಪ್ಪಿರಲಿಲ್ಲ. ದಿನಾ ಎದುರಿಗೆ ಕೂತು ಮುದ್ದೆ ಉಣ್ಣುವ ಅಪ್ಪನ ತಲೆಯನ್ನು, ಊರವರ ಮೊಡವೆಗಳನ್ನೆಲ್ಲ ಹುಡುಕಿ ಅಳಿಸುವ ಈ ಮಹಾಶಯ ನೋಡಿಯೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಮೆಲ್ಲಗೆ ಅಲ್ಲಿ ಒತ್ತಿದ. ಎಲ್ಲರ ಮುಖಕ್ಕೂ ಅವರವರ ಬಣ್ಣ ವಾಪಸ್ ಬಂತು.

ಸಮಾರಂಭದ ದಿನ ಫೋಟೊ ಗೋಡೆಗೇರಿತು. ಮರಿಯಯ್ಯ ಅದರ ಮುಂದೆ ನಿಂತು ತಲೆ ಸವರಿಕೊಂಡ.

“ಅಪ್ಪ, ನಿನ್ ಕೂದ್ಲು ಯಾವಾಗ ಇಷ್ಟು ಬೆಳ್ಗಾಯ್ತು?”

“ಅರ್ಧ ನೀನು ಪಿಯುಸಿ ಫೇಲಾದಾಗ ಕಣ್ಲಾ” ಎಂದ ಅಪ್ಪ. “ಮಿಕ್ಕಿದ್ದು ಮೊನ್ನೆ, ಆ ಅಳ್ದಿ ಫೋಟೊ ನೋಡ್ದಾಗ.”