ಒಣಗದ ಕಪ್ಪು

ಬ್ರಷ್ಷು ಒಳಕ್ಕೆ ಹೋಯಿತು. ಹೋಗಬಾರದಿತ್ತು. ಎಡಗಡೆಯ ಬ್ರಾಕೆಟ್ಟಿನಲ್ಲಿ ಬೆಸುಗೆಯ ಉಬ್ಬುತಗ್ಗುಗಳನ್ನು ಹತ್ತಿ ಇಳಿದು ಬಂದ ಅದೇ ಬ್ರಷ್ಷು ಬಲಗಡೆಗೆ ಬಂದಾಗ ಎರಡು ಕಬ್ಬಿಣಗಳ ನಡುವೆ ಸದ್ದಿಲ್ಲದೆ ಇಳಿಯಿತು. ಎಳೆದುಕೊಂಡಾಗ ಆ ಸಂದಿನ ತುಂಬ ಕಪ್ಪು ಬಣ್ಣ ನಿಂತಿತ್ತು. ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿದ್ದ ಅಮ್ಮ ಕೈ ತಡೆದಳು.

"ಲೋ, ಇಲ್ಲಿ ಬೆಸುಗೆ ಪೂರ್ತಿ ಆಗಿದೆಯೇನೋ?"

"ಆಗದೆ ಏನು? ಅಣ್ಣ ಮುಗಿಸಿಯೇ ಹೋಗಿದಾನೆ. ಬಳಿಯಮ್ಮ ನೀನು. ಪಾಪ, ಗಾಡಿ ಬೆತ್ತಲೆ ನಿಂತಿದೆ, ನಾಚ್ಕೋತಿದೆ."

ಕಿರಿಮಗನ ದನಿ ಮೇಲಿನಿಂದ ಬಂತು. ಅವಳಿಗೆ ಕಾಣುತ್ತಿದ್ದುದು ಅವನ ಪಾದಗಳು ಮಾತ್ರ. ಬಲಗಾಲಿನ ಹೆಬ್ಬೆರಳು ಸುಮ್ಮನಿರದೆ ನೆಲ ಕೆರೆಯುತ್ತಿತ್ತು.

"ಅವನೇ ಬಂದು ಹೇಳ್ತಾನಲ್ಲೋ ಯಾವಾಗಲೂ."

"ಅವನು ಲೇತಿನವನ ಹತ್ರ ಸ್ಪ್ರಿಂಗಿನ ಕಣ್ಣಿಗೆ ಕೂರಿಸೋ ಹೊಸ ಬುಷ್ಷು ಮಾಡಿಸೋಕೆ ಹೋಗಿ ಕೂತಿದಾನೆ. ಅದನ್ನ ಆರು ಸಲ ಅಳೆಸಿ, ಏಳನೇ ಸಲ ತಾನೇ ಅಳೆದು ತರ್ತಾನೆ. ಅಲ್ಲೀತನಕ ನಾವು ಬಾಯಲ್ಲಿ ಬೆರಳಿಟ್ಕೊಂಡು ಕೂರೋಣವಾ?"

ಅಮ್ಮನಿಗೆ ನಗು ಬಂತು. ಬೀದಿಯವರು ಹಿರಿಯನಿಗೆ ಮೂಲೆಮಟ್ಟ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಕಿರಿಯನಿಗೆ ಹಾರ್ನು ಎಂದಿದ್ದೂ ಅಷ್ಟೆ. ಗುಡ್ಡದ ದಾರಿಯ ಒಂದೊಂದು ತಿರುವಿನಲ್ಲೂ ಅವನು ಬಾರಿಸುವ ಹಾರ್ನು ಶೆಡ್ಡಿನವರೆಗೂ ಕೇಳಿಸುತ್ತಿತ್ತು. ಅವಳು ಬಳಿದಳು. ಗಂಡ ಇದ್ದಾಗಿನಿಂದ ಈ ಶೆಡ್ಡಿನ ಬಣ್ಣದ ಕೆಲಸ ಅವಳದೇ. ಆದರೆ ಕೆಳಗಿನಿಂದ ಹೊರಳಿ ಎದ್ದು, ಮೊದಲು ಸೀಮೆಎಣ್ಣೆಯಲ್ಲಿ ಕಬ್ಬಿಣ ಒರೆಸಿದ್ದ ಚಿಂದಿಯನ್ನು ಮೊಳೆಗೆ ತೂಗುಹಾಕುವಾಗ, ಅದರ ಮೂಲೆಯಲ್ಲಿ ಹಿಟ್ಟು ಮೆತ್ತಿದಂತೆ ಬೆಳ್ಳಗೆ ಏನೋ ಅಂಟಿದ್ದು ಕಣ್ಣಿಗೆ ಬಿತ್ತು. ತಾನು ಒರೆಸುವುದಕ್ಕೆ ಮುಂಚೆಯೇ ಯಾರೋ ಅದರಿಂದ ಏನನ್ನೋ ಒರೆಸಿದ್ದರು.

ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು, ಅವಳ ಗಂಡ ಹಾಕಿಕೊಟ್ಟದ್ದು. ಕೆಲಸ ಬಾಕಿಯಿರುವ ಕಬ್ಬಿಣದ ಮೇಲೆ ಸೀಮೆಸುಣ್ಣದಲ್ಲಿ ಇಂಟು ಗುರುತು. ಮುಗಿದ ಮೇಲೆ ಬೆಸುಗೆ ಹಾಕಿದವನೇ ಅದನ್ನು ಒರೆಸಬೇಕು. ಆಮೇಲೆ ಬಣ್ಣ. ಕಪ್ಪು ಬಳಿದದ್ದನ್ನು ಮತ್ತೆ ಯಾರೂ ಅನುಮಾನಿಸುವಂತಿಲ್ಲ.

ಗಾಡಿ ಚಿಕ್ಕ ಪಿಕಪ್ಪು. ಗುಡ್ಡದ ಮೇಲಿನ ಕಲ್ಲುಕ್ವಾರಿಗೆ ಅದರಲ್ಲೇ ಕುಡಿಯುವ ನೀರಿನ ಡ್ರಮ್ಮುಗಳು ಹೋಗಬೇಕು. ಮುಂದಿನ ಚಕ್ರಗಳ ಸೂಕ್ಷ್ಮ ಜೋಡಣೆ ಆ ಕಲ್ಲುದಾರಿಗೆ ತಾಳದೆ ಮೂರು ಸಲ ಕೈಕೊಟ್ಟಿತ್ತು. ಅದಕ್ಕೇ ಹಿರಿಯ ಗುಜರಿಗೆ ಬಂದ ಜೀಪಿನಿಂದ ಎರಡು ಚಕ್ರಕ್ಕೂ ಸೇರಿ ಒಂದೇ ಉದ್ದಕ್ಕಿರುವ ಗಟ್ಟಿ ಆಕ್ಸಲ್ ಬಿಚ್ಚಿ ತಂದಿದ್ದ. ಅದನ್ನು ಹೊರುವ ಸ್ಪ್ರಿಂಗ್ ಪಟ್ಟಿಗಳನ್ನು ಕಟ್ಟಲು ಚಾಸಿಗೆ ದಪ್ಪ ಬ್ರಾಕೆಟ್ಟುಗಳನ್ನು ಕೊಯ್ದು ಕೂರಿಸಿದ್ದ. ಅವನ ಆತುರವಿಲ್ಲದ ಕೆಲಸ ನೋಡಿ ಕಿರಿಯ ಒದ್ದಾಡುತ್ತಿದ್ದ. ಅಷ್ಟರಲ್ಲಿ ಇನ್ನೊಬ್ಬ ಜೀಪಿನವನು ಈ ನೀರಿನ ಕೆಲಸಕ್ಕಾಗಿ ಕ್ವಾರಿಯ ಮೇಸ್ತ್ರಿಯ ಹಿಂದೆ ಸುತ್ತಲು ಶುರುಮಾಡಿದ್ದ.

ಕಿರಿಯ ಗಾಡಿಯನ್ನು ಖಾಲಿ ಓಡಿಸಿ ನೋಡಲು ಹೋದ ಹೊತ್ತಿಗೆ ಹಿರಿಯನ ಫೋನು ಬಂತು.

"ಅಮ್ಮಾ, ಲೇತಿನವನು ನಾಳೆ ಬೆಳಿಗ್ಗೆ ಕೊಡ್ತೀನಿ ಅಂತಿದಾನೆ. ಇಲ್ಲೇ ಸ್ನೇಹಿತನ ಮನೇಲಿ ಉಳ್ಕೋತೀನಿ. ಹಾರ್ನಿಗೆ ಹೇಳು, ಗಾಡಿ ಮುಟ್ಟಬಾರ್ದು ಅಂತ. ಬಲಗಡೆ ಬ್ರಾಕೆಟ್ಟಿಗೆ ಮೂಲೆಗೊಂದು ಟ್ಯಾಕ್, ಚುಕ್ಕೆ ಬೆಸುಗೆ ಅಷ್ಟೇ ಹಾಕಿರೋದು. ಆಕ್ಸಲ್ಲು ಬೆರಳಗಲ ಹಿಂದೆ ಕೂತಿದೆ, ಬ್ರಾಕೆಟ್ಟನ್ನ ಕಿತ್ತು ಮತ್ತೆ ಕೂರಿಸ್ಬೇಕು. ಇಂಟು ಹಾಕಿಟ್ಟಿದೀನಿ. ಕೇಳಿಸ್ತಾ?"

ಕೇಳಿಸಿತ್ತು. 'ನಾನು ಬಳಿದುಬಿಟ್ಟೆ ಕಣೋ' ಅನ್ನುವ ಒಂದೇ ಮಾತು ಹೇಳಬೇಕಿತ್ತು. ಆದರೆ ಹೋದ ಸಲ ತಮ್ಮ ಹೀಗೇ ಕಣ್ಣು ತಪ್ಪಿಸಿ ಗಾಡಿ ತೆಗೆದಾಗ ಹಿರಿಯ ಕೂಗಾಡಿರಲಿಲ್ಲ. ಸಣ್ಣ ದನಿಯಲ್ಲಿ, "ಇನ್ನೊಂದು ಸಲ ಆದ್ರೆ ಶೆಡ್ಡಿಗೂ ಮನೆಗೂ ನಡುವೆ ಗೋಡೆ ಏಳ್ತದೆ" ಎಂದಿದ್ದ. ಅಳತೆ ತಪ್ಪಿ ಮಾತಾಡುವವನಲ್ಲ ಅವನು.

"ಹೂಂ," ಎಂದಳು ಅಮ್ಮ.

ಸಂಜೆ ಗಾಡಿ ಹಾರ್ನು ಬಾರಿಸುತ್ತಲೇ ಒಳಗೆ ಬಂತು. "ಏನು ಹತ್ತುತ್ತೆ ಅಂತೀಯಮ್ಮ! ಮೇಕೆ, ಮೇಕೆ!" ಎಂದು ಕಿರಿಯ ಬಾನೆಟ್ಟು ತಟ್ಟಿದ. ಅವನ ಹೆಂಡತಿ ಪಕ್ಕದ ಸೀಟಿನಿಂದ ಇಳಿದು, "ಅತ್ತೆ, ಮೇಕೆ ಮೇಲೆ ಕೂತ್ರೆ ಸೊಂಟ ಇಷ್ಟು ನೋಯ್ತದಾ?" ಎಂದು ನಗುತ್ತ ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕ್ವಾರಿಯಲ್ಲಿ ನೀರು ಅಳೆದು ಕೊಡುವವಳು ಅವಳೇ. ಗಾಡಿ ಹೋದಲ್ಲಿ ಅವಳೂ ಹೋಗಬೇಕು.

ಅಮ್ಮ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಸರಿದಳು. ಎಡಗಡೆ ಒಣಗಿತ್ತು. ಚಾಸಿಯ ಉದ್ದಕ್ಕೂ ಒಣಗಿತ್ತು. ಬಲಗಡೆಯ ಸಂದಿನ ಮೇಲೆ ಕಟ್ಟಿದ್ದ ತೆಳುಪೊರೆ ಮಾತ್ರ ಕಬ್ಬಿಣ ಅಲುಗಿ ಆಗಲೇ ಉದ್ದಕ್ಕೆ ಹರಿದಿತ್ತು, ಬಿಸಿಹಾಲಿನ ಕೆನೆ ಹರಿದ ಹಾಗೆ. ಹೆಬ್ಬೆರಳು ಒತ್ತಿದರೆ ಒಳಗಿನ ಹಸಿ ಬಣ್ಣ ಬೆರಳಿಗೆ ಬಂತು.

"ಅಣ್ಣ ಫೋನು ಮಾಡಿದ್ದ," ಎಂದಳು ಎದ್ದು ಕೂತು.

ಕಿರಿಯ ಅವಳ ಬೆರಳು ನೋಡಿದ. ಮುಖದ ನಗು ಹೋಗಲಿಲ್ಲ, ಕಣ್ಣಿನದು ಹೋಯಿತು. "ಹೇಳಿಬಿಟ್ಟೆಯಾ?"

"ಇಲ್ಲ."

"ನನ್ನ ಬಂಗಾರ! ನೋಡು, ಒಂದೇ ಒಂದು ಖೇಪು ನೀರು ಹೊಡೆಯೋಣ ಅಂದ್ಕೊಂಡಿದ್ದೆ, ಮೇಸ್ತ್ರಿ ಬಾಯಿ ಮುಚ್ಚಿಸೋಕೆ. ಬೇಡ ಅಂದ್ರೆ ಬೇಡ, ಬಿಡು. ನಾಳೆ ಅಣ್ಣ ಬರಲಿ, ನಾನೇ ಹೇಳಿ ಬೈಸ್ಕೋತೀನಿ."

"ನಿನ್ನ ಹೆಂಡ್ತಿ ಆಣೆಗೂ ಗಾಡಿ ತೆಗೆಯಲ್ಲ ತಾನೆ?"

"ತೆಗೆಯಲ್ಲಮ್ಮ. ಅನ್ನ ಹಾಕು ಮೊದಲು."

ಹಾಕಿದಳು. ಅವನು ಎಂದಿಗಿಂತ ಹೆಚ್ಚೇ ಮಾತಾಡಿದ, ಎಂದಿಗಿಂತ ಕಡಿಮೆ ಉಂಡ. ಪಾತ್ರೆ ತೊಳೆದಾದ ಮೇಲೂ ಅವಳ ಹೆಬ್ಬೆರಳಿನ ಕಪ್ಪು ಹೋಗಿರಲಿಲ್ಲ. ಮಲಗುವ ಮುಂಚೆ ಶೆಡ್ಡಿಗೆ ಹೋಗಿ ಹಿರಿಯನ ಡಬ್ಬಿಯಿಂದ ಸೀಮೆಸುಣ್ಣ ತೆಗೆದಳು. ಬಗ್ಗಿ, ಆ ಬ್ರಾಕೆಟ್ಟಿನ ಪಕ್ಕದ ಒಣಗಿದ ಕಪ್ಪಿನ ಮೇಲೆ ದೊಡ್ಡದಾಗಿ ಇಂಟು ಎಳೆದಳು. ಗಂಡ ಹೋದ ಮೇಲೂ ಇವತ್ತಿನ ತನಕ ಆ ಗುರುತನ್ನು ಯಾರೂ ಮೀರಿರಲಿಲ್ಲ. ಇನ್ನು ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ, ಅದೇ ಹೇಳುತ್ತದೆ ಎಂದು ಮನಸ್ಸಿಗೆ ಸಮಾಧಾನ ತಂದುಕೊಂಡಳು. ನಿದ್ದೆಯೂ ಬಂತು.

ಬೆಳಿಗ್ಗೆ ಅವಳು ಎದ್ದಾಗ ಮನೆ ತಣ್ಣಗಿತ್ತು. ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟು ಸೊಸೆಯನ್ನು ಕೂಗಿದಳು. ಮತ್ತೆ ಕೂಗಿದಳು. ಬಾಗಿಲ ಬಳಿ ಸೊಸೆಯ ಚಪ್ಪಲಿ ಇರಲಿಲ್ಲ.

ಶೆಡ್ಡಿನ ನೆಲದಲ್ಲಿ ಗಾಡಿ ನಿಂತಿದ್ದ ಜಾಗ ಅಗಲವಾಗಿ ಬಯಲಾಗಿತ್ತು. ಗೋಡೆಯ ಪಕ್ಕ ಸಾಲಾಗಿ ಇಟ್ಟಿದ್ದ ಡ್ರಮ್ಮುಗಳೂ ಇರಲಿಲ್ಲ, ಅವುಗಳ ಬುಡದ ಒದ್ದೆ ಉಂಗುರಗಳು ಮಾತ್ರ ಇದ್ದವು. ತನ್ನನ್ನು ಎಬ್ಬಿಸಬಾರದೆಂದು ಗಾಡಿಯನ್ನು ಇಳಿಜಾರಿನ ತನಕ ತಳ್ಳಿಕೊಂಡೇ ಹೋಗಿದ್ದಿರಬೇಕು. ಚಿಂದಿ ಮೊಳೆಯಲ್ಲೇ ಇತ್ತು. ತೆಗೆದು ನೋಡಿದಳು. ನಿನ್ನೆ ಮೂಲೆಯಲ್ಲಿ ಮಾತ್ರ ಇದ್ದ ಬಿಳಿ ಈಗ ಅಂಗೈಯಗಲ ಹರಡಿತ್ತು.

ಗೇಟಿನ ಬಳಿ ಬೈಕು ನಿಂತಿತು. ಹಿರಿಯ ಕಾಗದದಲ್ಲಿ ಸುತ್ತಿದ ಬುಷ್ಷುಗಳನ್ನು ಹಿಡಿದು ಒಳಗೆ ಬಂದ. ಬರಿದಾದ ನೆಲ ನೋಡಿದ. ಅಮ್ಮನನ್ನು ನೋಡಿದ.

"ಹೇಳಿದ್ಯಾ ಅವನಿಗೆ?"

ಅವಳು ಕೈ ಮುಂದೆ ಚಾಚಿದಳು. ಹೆಬ್ಬೆರಳಿನ ಕಪ್ಪು ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ.

"ಬಣ್ಣ ಬಳಿದ್ಯಾ? ಅದರ ಮೇಲೆ?"

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಹಾರ್ನು ಕೇಳಿತು, ದೂರದಿಂದ, ಕುಶಾಲಿನ ದನಿ. ಬುಡದ ತಿರುವು. ಹಿರಿಯ ಗುಡ್ಡದ ಕಡೆ ತಿರುಗಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೇಳಿತು. ಒಂಟಿಮರದ ತಿರುವು. ಅದರಾಚೆಗೆ ಬಲಗಡೆ ಪ್ರಪಾತವಿರುವ ಕಲ್ಲುತಿರುವು, ಅಲ್ಲಿ ಗಾಡಿಯ ಭಾರವೆಲ್ಲ ಆ ಬಲ ಮಗ್ಗುಲಿಗೆ ಬೀಳುತ್ತದೆ. ಹಿರಿಯ ಕಾಗದದ ಪೊಟ್ಟಣವನ್ನು ಅಲ್ಲೇ ಬಿಟ್ಟು ಓಡಿದ. ಬೈಕು ಎರಡನೇ ಒದೆಗೆ ಹತ್ತಿಕೊಂಡು ಆರ್ಭಟಿಸುತ್ತ ಹೋಯಿತು. ಅದರ ಸದ್ದಿನಲ್ಲಿ ಬೇರೆ ಯಾವ ಸದ್ದೂ ಕೇಳಿಸಲಿಲ್ಲ.

ಬೈಕಿನ ಸದ್ದು ಕರಗಿತು. ಗುಡ್ಡದ ಕಡೆಯಿಂದ ಏನೂ ಕೇಳಿಸಲಿಲ್ಲ. ಮೂರನೆಯ ಹಾರ್ನು ಬೈಕಿನ ಗದ್ದಲದಲ್ಲಿ ಮುಳುಗಿಹೋಯಿತೋ, ಬರಲೇ ಇಲ್ಲವೋ. ಒಳಗೆ ಚಹಾದ ನೀರು ಕುದಿದು ಕುದಿದು ಪಾತ್ರೆಯ ತಳ ಚುರುಗುಟ್ಟುತ್ತಿತ್ತು. ಅಮ್ಮ ಕೈಯಲ್ಲಿದ್ದ ಚಿಂದಿಯನ್ನು ಬಿಳಿ ಒಳಗಾಗುವ ಹಾಗೆ ಮಡಚಿದಳು. ಹಾಗೇ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಬಿಚ್ಚಿ, ಗೇಟಿನಿಂದ ಒಳಗೆ ಬರುವವರಿಗೆ ಮೊದಲು ಕಾಣುವಂತೆ ಬಿಳಿಯ ಮಗ್ಗುಲು ಹೊರಕ್ಕಿಟ್ಟು, ಮೊಳೆಗೆ ತೂಗುಹಾಕಿದಳು.