ಅಣ್ಣನ ಗಂಟಲು, ಆಲ್ಬಮ್ಮಿನ ಗಂಟಲು

ನಮ್ಮಣ್ಣ ದರ್ಜಿ. ವಯಸ್ಸಿನಲ್ಲಿದ್ದಾಗ ಮೂವರು ಗೆಳೆಯರನ್ನು ಕಟ್ಟಿಕೊಂಡು ಬೀದಿಯವರ ಕಿವಿ ಕಿತ್ತುಹೋಗುವಂತೆ ರಾಕ್ ಬಾರಿಸುತ್ತಿದ್ದ. ಒಂದೇ ಒಂದು ಆಲ್ಬಮ್ ಬಂತು. ಹಾಡನ್ನು ಟೇಪಿನಿಂದ ರೆಕಾರ್ಡಿಗೆ ಇಳಿಸುವ ದಿನ ಟೇಪು ಓಡಿಸುವ ಯಂತ್ರದ ಬೆಲ್ಟ್ ಹರಿಯಿತು. ದರ್ಜಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ? ಚಡ್ಡಿಯ ಎಲಾಸ್ಟಿಕ್ ಹೊಲಿದು ಹಾಕಿದ. ಟೇಪು ತೂಕಡಿಸುತ್ತಾ ಓಡಿತು, ಹಾಡಿದ್ದ ಅಣ್ಣನ ಗಂಟಲು ದಪ್ಪಗಾಗಿ ಜೋಲುಬಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ಇಲ್ಲಿ ಕೋಣನೇ ಹಾಡಿದಂತಿತ್ತು. ಯಾರೂ ಕೊಳ್ಳಲಿಲ್ಲ. ಅಣ್ಣ ಆಮೇಲೆ ಸ್ನಾನದ ಮನೆಯಲ್ಲೂ ಹಾಡಲಿಲ್ಲ.

ಮೊನ್ನೆ ಒಬ್ಬ ಗಡ್ಡದವನು ಆ ರೆಕಾರ್ಡನ್ನು ಎದೆಗವಚಿಕೊಂಡು ಅಂಗಡಿಗೆ ಬಂದ.

“ಸಾರ್, ತಲೆ ಗಿರ್ರನ್ನಿಸೋ ಸೈಕೆಡೆಲಿಕ್ ಹಾರ್ಡ್ ರಾಕ್ ಅಂದ್ರೆ ಇದು. ಎಲ್ಲೂ ಸಿಗಲ್ಲ. ಪಾತಾಳದಿಂದ ಬಂದಂಗಿರೋ ಆ ಧ್ವನಿ ನಿಮ್ದೇನಾ?”

“ನಂದೇ,” ಅಂದುಬಿಟ್ಟ ಅಣ್ಣ. ಶನಿವಾರದ ಕಾರ್ಯಕ್ರಮದಲ್ಲಿ ಹಾಡಲು ಒಪ್ಪಿಯೂ ಬಿಟ್ಟ.

ಗಡ್ಡದವನು ಹೋಗುತ್ತಲೇ ನಾನು ಶುರುಮಾಡಿದೆ. “ಅದು ಎಲಾಸ್ಟಿಕ್ ಧ್ವನಿ ಅಂತ ಹೇಳೋಕೇನಾಗಿತ್ತು? ಮಾನ ಹೋಗುತ್ತೆ.”

“ಸುಮ್ನಿರೇ. ಇಷ್ಟು ವರ್ಷಕ್ಕೆ ಒಬ್ಬ ಹಾಡಿ ಅಂತ ಕೇಳಿದಾನೆ. ಇನ್ನೊಂದ್ಸಲ ಮೈಕ್ ಮುಂದೆ ನಿಂತ್ಕೋಬೇಕು ಅಂತ ನಂಗೆ ಆಸೆ ಇರಲ್ವಾ?”

ಬಾಯಿ ಮುಚ್ಚಿಕೊಂಡೆ, ಅದೇನು ಸುಲಭದ ಕೆಲಸವಲ್ಲ. ವಾರವಿಡೀ ಅಣ್ಣ ಗದ್ದವನ್ನು ಎದೆಗೊತ್ತಿಕೊಂಡು ಗೊರಗೊರ ಅಭ್ಯಾಸ ಮಾಡಿದ. ಅಳತೆ ಕೊಡಲು ಬಂದವರೆಲ್ಲ ಹೊಟ್ಟೆನೋವಾ ಎಂದು ಕೇಳಿ ಔಷಧಿ ಹೇಳಿ ಹೋದರು.

ಶನಿವಾರ ಹಾಲ್ ತುಂಬಿತ್ತು. ಅಣ್ಣ ಮೊದಲ ಸಾಲನ್ನು ಹೇಗೋ ಕೋಣನಂತೆ ಎಳೆದ. ಎರಡನೆಯದಕ್ಕೆ ಕೆಮ್ಮು ಬಂತು. ಹಿಂದೆ ಗಡ್ಡದವನು ಗೊತ್ತುಮಾಡಿದ್ದ ಹುಡುಗರು ಬಾರಿಸುತ್ತಲೇ ಇದ್ದರು. ಮೂರನೆಯದಕ್ಕೆ ಅವನಿಗೇನಾಯಿತೋ, ತಲೆಯೆತ್ತಿ ತನ್ನದೇ ಗಂಟಲು ಬಿಟ್ಟ. ತೆಳ್ಳಗೆ, ಚುರುಕಾಗಿ, ಬಟ್ಟೆಯೊಳಗೆ ಕತ್ತರಿ ಓಡಿದ ಹಾಗೆ. ಬಾರಿಸುವವರು ಅವನ ಹಿಂದೆ ಓಡಬೇಕಾಯಿತು. ಹಾಳಾದವನು, ಎಷ್ಟು ಚೆನ್ನಾಗಿ ಹಾಡಿದ! ನಾನು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಅತ್ತೆ.

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ಗಡ್ಡದವನು ಮುಖ ಸಪ್ಪೆ ಮಾಡಿಕೊಂಡು ಬಂದ.

“ಬೇಜಾರು ಮಾಡ್ಕೋಬೇಡಿ ಸಾರ್, ಚೆನ್ನಾಗೇ ಹಾಡಿದ್ರಿ. ಆದ್ರೆ ಆಲ್ಬಮ್ನಲ್ಲಿ ಹಾಡಿರೋರು ನೀವಲ್ಲ. ಅವರು ಎಲ್ಲಿದಾರೆ ಅಂತಾದ್ರೂ ಹೇಳಿ.”

ಅವನ ಜನ್ಮ ಜಾಲಾಡಲು ನಾನು ಬಾಯಿ ತೆರೆದೆ. ಅಣ್ಣ ನನ್ನ ಕೈ ಹಿಡಿದು ತಡೆದ.

“ಆ ಆಲ್ಬಮ್ಮಿನವನನ್ನ ಬಿಟ್ಟಾಕಿ,” ಅಂದ, ಬೆವರು ಒರೆಸಿಕೊಳ್ಳುತ್ತಾ. “ಅವನ ದೆಸೆಯಿಂದಾನೇ ನಾನು ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು.”